ದಾವಣಗೆರೆಯಿಂದ ಇಟಲಿಗೆ: ನಗರಗಳ ಜೊತೆ ಒಂದು ಕರಾವಳಿ

ಇಟಲಿಗೆ ಹೊರಡುವ ನಮ್ಮ ಕಡೆಯವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್, ನೇಪಲ್ಸ್ ಎಲ್ಲವೂ ಇರುತ್ತವೆ. ಹತ್ತು ಹನ್ನೊಂದು ದಿನಗಳ ರಜೆಯಲ್ಲಿ ಇಷ್ಟನ್ನೂ ತುರುಕಿದರೆ ಊರು ನೋಡಿದ್ದಕ್ಕಿಂತ ಸೂಟ್‌ಕೇಸ್ ಎಳೆದದ್ದೇ ಹೆಚ್ಚಾಗುತ್ತದೆ. ಆದ್ದರಿಂದ ಮೊದಲು ಊರುಗಳನ್ನು ಕಡಿಮೆ ಮಾಡಿ, ಬಳಿಕ ಹಾದಿಯನ್ನು ಒಂದೇ ದಿಕ್ಕಿಗೆ ಹಾಕಿಕೊಳ್ಳಬೇಕು. ಬೆಂಗಳೂರಿನಿಂದ ರೋಮ್‌ಗೆ ಹೋಗಿ ಮಿಲಾನ್‌ನಿಂದ ಮರಳುವಂತೆ ವಿಮಾನದ ಟಿಕೆಟ್ ತೆಗೆದುಕೊಂಡರೆ, ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ. ರೋಮ್‌ನಲ್ಲಿ ನಾಲ್ಕು ರಾತ್ರಿ, ಫ್ಲಾರೆನ್ಸ್‌ನಲ್ಲಿ ಮೂರು, ಕರಾವಳಿಯಲ್ಲಿ ಎರಡು, ಮಿಲಾನ್‌ನಲ್ಲಿ ಒಂದು ಎಂಬುದು ನನ್ನ ಲೆಕ್ಕ. ವೆನಿಸ್ ಬೇಕೇ ಬೇಕೆನ್ನುವವರು ಕರಾವಳಿಯನ್ನು ಬಿಡುವುದು ಒಳಿತು.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾದ್ದರಿಂದ ಮನೆಯವರೆಲ್ಲರಿಗೂ ಒಂದೇ ದಿನದ ಸಮಯ ಸಿಗುವಂತೆ ನೋಡಿಕೊಳ್ಳಿ.

ವಾರದ ದಿನಗಳನ್ನು ಲೆಕ್ಕ ಹಾಕದೆ ಹೋಟೆಲ್ ಬುಕ್ ಮಾಡಬಾರದು. ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟು ಉಳಿದ ಭಾನುವಾರಗಳಂದು ಮುಚ್ಚಿರುತ್ತವೆ, ಫ್ಲಾರೆನ್ಸ್‌ನ ಉಫೀಜಿ ಕಲಾ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಕೊಲೋಸಿಯಂ ಟಿಕೆಟ್‌ನಲ್ಲಿ ಪ್ರವೇಶದ ಸಮಯದ ಜೊತೆಗೆ ಹೆಸರೂ ಇರುತ್ತದೆ. ಅದು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ಚರ್ಚುಗಳಿಗೆ ಹೋಗುವ ದಿನ ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಬೇಕು.

ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಈ ರೈಲುಗಳಲ್ಲಿ ಮುಂಚಿತವಾಗಿ ಕೊಂಡ ಟಿಕೆಟ್ ಅಗ್ಗ. ಪ್ರಾದೇಶಿಕ ರೈಲುಗಳ ದರ ಮಾತ್ರ ಸ್ಥಿರ. ಅವುಗಳ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ಬೀಳುತ್ತದೆ.

ಕರಾವಳಿಯ ವಿಷಯದಲ್ಲಿ ದಕ್ಷಿಣದ ಅಮಾಲ್ಫಿ, ವಾಯವ್ಯದ ಚಿಂಕ್ವೆ ತೆರ್ರೆ ಎರಡೂ 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಮೇಲಿನ ಹಾದಿಗೆ ಹೊಂದುವುದು ಎರಡನೆಯದೇ. ಬಂಡೆಗಳ ಮೇಲೆ ಕಟ್ಟಿದ ಈ ಐದು ಹಳ್ಳಿಗಳಲ್ಲಿ ತಂಗುವ ಬದಲು ಪಕ್ಕದ ಲಾ ಸ್ಪೆಜಿಯಾ ನಗರದಲ್ಲಿ ಕೋಣೆ ಹಿಡಿಯಿರಿ, ಏಕೆಂದರೆ ಹಳ್ಳಿಯಿಂದ ಹಳ್ಳಿಗೆ ರೈಲಿನಲ್ಲಿ ಕೆಲವೇ ನಿಮಿಷ. ಕೊರ್ನೀಲಿಯಾ ಮಾತ್ರ ಗುಡ್ಡದ ನೆತ್ತಿಯಲ್ಲಿದ್ದು, ಕೆಳಗಿನ ನಿಲ್ದಾಣದಿಂದ ಊರಿಗೆ 380ರಷ್ಟು ಮೆಟ್ಟಿಲುಗಳಿವೆ. ಹೊರಡುವ ಮುನ್ನ ಒಂದೆರಡು ಭಾನುವಾರ, ಪ್ರವಾಸಕ್ಕೆಂದು ಕೊಂಡ ಅದೇ ಹೊಸ ಶೂ ತೊಟ್ಟು ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿ ಇಳಿದರೆ, ಶೂ ಎಲ್ಲಿ ಕಚ್ಚುತ್ತದೆ, ಮನೆಯ ಹಿರಿಯರ ಮಂಡಿ ಎಷ್ಟು ತಾಳುತ್ತದೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ. ಆಗಸ್ಟ್‌ನ ಜನಜಂಗುಳಿಗಿಂತ ಮೇ ಅಥವಾ ಸೆಪ್ಟೆಂಬರ್ ಹಿತಕರ.

ಶಾಕಾಹಾರಿಗಳು ಒಂದು ಸಂಗತಿಯನ್ನು ತಿಳಿದಿರಬೇಕು: ಪಾರ್ಮೆಸಾನ್ ಚೀಸ್‌ಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಕಿಣ್ವ ಬಳಸುತ್ತಾರೆ, ಪೆಸ್ತೊ ಚಟ್ನಿಯಲ್ಲೂ ಆ ಚೀಸ್ ಇರುತ್ತದೆ. ಟೊಮೆಟೊ, ಬೆಳ್ಳುಳ್ಳಿ ಹಾಕುವ ಮರಿನಾರಾ ಪಿಜ್ಜಾದಲ್ಲಿ ಚೀಸ್ ಇಲ್ಲ. ಲಾ ಸ್ಪೆಜಿಯಾದ ಕಡೆ ಕಡಲೆ ಹಿಟ್ಟಿನಿಂದ ಬೇಯಿಸುವ ಫರಿನಾತಾ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತದೆ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲವಾದ್ದರಿಂದ ಬೆಣ್ಣೆ, ತುಪ್ಪ, ಪೇಡಗಳನ್ನು ಮನೆಯಲ್ಲೇ ಬಿಟ್ಟು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಇಟ್ಟುಕೊಳ್ಳಿ.