ಇಲಿಯ ಶ್ವಾಸಕೋಶದಲ್ಲಿ ಸಿಸಿಟಿ ಕಿಣ್ವ ಅಳೆಯುವುದು: ನನ್ನ ಅನುಭವ

ಶ್ವಾಸಕೋಶದ ಗಾಳಿಗೂಡುಗಳು ಕುಸಿಯದಂತೆ ಒಳಗೆ ಲೇಪಿಸಿರುವ ಪದಾರ್ಥ ಸರ್ಫ್ಯಾಕ್ಟಂಟ್; ಅದರ ಮುಖ್ಯ ಅಂಶ ಫಾಸ್ಫಟಿಡೈಲ್‌ಕೋಲಿನ್ ಎಂಬ ಲಿಪಿಡ್ (ಕೊಬ್ಬಿನಂಥ ಅಣು). ಅದು ಜೀವಕೋಶದಲ್ಲಿ ಮೂರು ಹೆಜ್ಜೆಯಲ್ಲಿ ತಯಾರಾಗುತ್ತದೆ. ಮೊದಲು ಕೋಲಿನ್‌ಗೆ ಫಾಸ್ಫೇಟ್ ಸೇರುತ್ತದೆ, ಆ ಫಾಸ್ಫೋಕೋಲಿನ್ ಸಿಟಿಪಿಯೊಂದಿಗೆ (ಎಟಿಪಿಯಂಥ ನ್ಯೂಕ್ಲಿಯೊಟೈಡ್) ಸಿಡಿಪಿ-ಕೋಲಿನ್ ಆಗುತ್ತದೆ, ಕೊನೆಗೆ ಅದರ ಫಾಸ್ಫೋಕೋಲಿನ್ ಭಾಗ ಡೈಅಸೈಲ್‌ಗ್ಲಿಸರಾಲ್ ಎಂಬ ಲಿಪಿಡ್‌ಗೆ ಕೂಡುತ್ತದೆ. ವೇಗ ಹಿಡಿದಿಡುವುದು ಸಾಮಾನ್ಯವಾಗಿ ನಡುವಿನ ಹೆಜ್ಜೆಯ ಕಿಣ್ವ, ಸಿಸಿಟಿ (ಸಿಟಿಪಿ:ಫಾಸ್ಫೋಕೋಲಿನ್ ಸೈಟಿಡಿಲಿಲ್‌ಟ್ರಾನ್ಸ್‌ಫರೇಸ್). ನಾನು ಅಳೆಯುವುದೂ ಅದನ್ನೇ.

ಬಲ ಹೃತ್ಕುಕ್ಷಿಯ ಮೂಲಕ ತಣ್ಣನೆಯ ಸಲೈನ್ ಹಾಯಿಸಿ, ಶ್ವಾಸಕೋಶ ಬಿಳಿಚಿಕೊಂಡ ಮೇಲಷ್ಟೇ ಕತ್ತರಿ ಹಾಕಬೇಕು. ರಕ್ತ ಉಳಿದರೆ ಹಿಮೋಗ್ಲೋಬಿನ್ ಪ್ರೋಟೀನ್ ಲೆಕ್ಕಕ್ಕೆ ಸೇರಿ, ಪ್ರತಿ ಮಿ.ಗ್ರಾಂ.ಗೆ ಬರುವ ಚಟುವಟಿಕೆ ಕಡಿಮೆ ಕಾಣುತ್ತದೆ. ಅಂಗಾಂಶ ನಾರುನಾರು; ಸಣ್ಣಗೆ ಹೆಚ್ಚದೆ ಹೋಮೊಜನೈಜ್ ಮಾಡಿದರೆ (ಬಫರ್‌ನಲ್ಲಿ ಅರೆದರೆ) ಅರ್ಧ ಹಾಗೇ ಉಳಿಯುತ್ತದೆ. ಬಫರ್: 50 ಮಿಲಿಮೋಲಾರ್ ಟ್ರಿಸ್ ಪಿಹೆಚ್ 7.4, 150 ಸೋಡಿಯಂ ಕ್ಲೋರೈಡ್, 1 ಇಡಿಟಿಎ (ಲೋಹದ ಅಯಾನು ಹಿಡಿಯುವುದು), 2 ಡಿಟಿಟಿ (ಆಕ್ಸಿಡೀಕರಣ ತಡೆಯುವುದು), ಜೊತೆಗೆ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ಪಿಎಂಎಸ್‌ಎಫ್. ಮೊದಲು ಕಡಿಮೆ ವೇಗದಲ್ಲಿ ತಿರುಗಿಸಿ ನ್ಯೂಕ್ಲಿಯಸ್, ಮೈಟೊಕಾಂಡ್ರಿಯ ತೆಗೆದು, ಉಳಿದದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ 1,00,000 ಜಿಯಲ್ಲಿ (ಗುರುತ್ವದ ಅಷ್ಟು ಪಟ್ಟು) 60 ನಿಮಿಷ ತಿರುಗಿಸಿದರೆ ಮೇಲಿನದು ಸೈಟೊಸಾಲ್ (ಜೀವಕೋಶದ ದ್ರವಭಾಗ), ತಳದಲ್ಲಿ ಮೈಕ್ರೊಸೋಮ್ (ಒಳಪೊರೆಗಳ ಚೂರುಗಳು). ಡಿಟಿಟಿ ಅಡ್ಡಿಪಡಿಸುವುದರಿಂದ ಪ್ರೋಟೀನ್ ಅಳೆಯಲು ಲೌರಿ ವಿಧಾನ ಬೇಡ, ಬ್ರಾಡ್‌ಫರ್ಡ್ ವಿಧಾನ ಸಾಕು.

ಎಡವುವುದು ಲಿಪಿಡ್ ವಿಷಯದಲ್ಲೇ. ಸೈಟೊಸಾಲ್‌ನಲ್ಲಿ ಸಿಸಿಟಿ ಬಹುಪಾಲು ಮಲಗಿರುತ್ತದೆ, ಪೊರೆಗೆ ಅಂಟಿದಾಗ ಎಚ್ಚರಗೊಳ್ಳುತ್ತದೆ. ಹಾಗಾಗಿ ಪ್ರತಿ ಮಾದರಿಗೂ ಎರಡು ಟ್ಯೂಬ್: ಲಿಪಿಡ್ ಇಲ್ಲದ್ದು, ಇರುವುದು. ಎರಡನೆಯದು ಸ್ಥೂಲವಾಗಿ ಒಟ್ಟು ಕಿಣ್ವದ ಅಂದಾಜು; ಮೊದಲನೆಯದು ಈಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದು. ಫಾಸ್ಫಟಿಡೈಲ್‌ಕೋಲಿನ್ ಮತ್ತು ಓಲಿಯಿಕ್ ಆಮ್ಲವನ್ನು ಸಮ ಮೋಲ್ ಕ್ಲೋರೋಫಾರ್ಮ್‌ನಲ್ಲಿ ಬೆರೆಸಿ, ನೈಟ್ರೋಜನ್ ಊದಿ ಒಣಗಿಸಿ, ಬಫರ್‌ನಲ್ಲಿ ಮಸುಕು ಕಡಿಮೆಯಾಗುವವರೆಗೆ ಸೋನಿಕೇಟ್ ಮಾಡಿ (ಶ್ರವಣಾತೀತ ಧ್ವನಿಯಿಂದ ಚದುರಿಸಿ); ಎರಡನೆಯ ಟ್ಯೂಬಿಗೆ ಹಾಕುವ ಲಿಪಿಡ್ ಇದೇ. ಬರಿ ಓಲಿಯೇಟ್ ಹಾಕಿದರೆ ಮೆಗ್ನೀಸಿಯಂ ಜೊತೆ ಸೋಪಿನಂತೆ ಗಸಿ ಕಟ್ಟುತ್ತದೆ.

100 ಮೈಕ್ರೊಲೀಟರ್‌ನಲ್ಲಿ ಸಿಟಿಪಿ 3, ಕಾರ್ಬನ್-14 (ವಿಕಿರಣಶೀಲ) ಗುರುತಿನ ಫಾಸ್ಫೋಕೋಲಿನ್ 1.5, ಮೆಗ್ನೀಸಿಯಂ 12 ಮಿಲಿಮೋಲಾರ್. ಸಿಟಿಪಿ, ಇಡಿಟಿಎ ಎರಡೂ ಮೆಗ್ನೀಸಿಯಂ ಹಿಡಿಯುತ್ತವೆ, ಆದ್ದರಿಂದ ಅದು ಧಾರಾಳವಾಗಿರಲಿ. ಸಿಟಿಪಿ ದ್ರಾವಣ ಹುಳಿ ಇರುತ್ತದೆ, ಮೊದಲೇ ಪಿಹೆಚ್ 7ಕ್ಕೆ ತನ್ನಿ. 37 ಡಿಗ್ರಿಯಲ್ಲಿ 15 ನಿಮಿಷ ಇಟ್ಟು, ಕುದಿಯುವ ನೀರಿನಲ್ಲಿ 2 ನಿಮಿಷ ಅದ್ದಿ ನಿಲ್ಲಿಸಿ. ಹೊಸ ಮಾದರಿಯಾದರೆ 5, 10, 20, 30 ನಿಮಿಷಕ್ಕೆ ಗೆರೆ ನೇರ ಬರುವುದೇ ನೋಡಿ.

ಹುಟ್ಟಿದ ಸಿಡಿಪಿ-ಕೋಲಿನ್ ಬೇರ್ಪಡಿಸಲು ಸಿಲಿಕಾ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೊಗ್ರಫಿ): ಮೆಥನಾಲ್, 0.6% ಉಪ್ಪು ನೀರು, ಅಮೋನಿಯಾ 50:50:5. ಗುರುತಿಲ್ಲದ ಸಿಡಿಪಿ-ಕೋಲಿನ್ ಸ್ವಲ್ಪ ಸೇರಿಸಿ, ಫ್ಲೋರೊಸೆಂಟ್ ಪ್ಲೇಟ್ ಮೇಲೆ 254 ನ್ಯಾನೊಮೀಟರ್ ಬೆಳಕಿನಲ್ಲಿ ಕಪ್ಪು ಚುಕ್ಕೆ ಕಾಣುವ ಜಾಗ ಕೆರೆದು ಅದರ ವಿಕಿರಣ ಎಣಿಸಿ. ಬ್ಲ್ಯಾಂಕ್‌ಗೆ (ಹಿನ್ನೆಲೆ ಎಣಿಕೆ ಕಳೆಯಲು) ಸಿಟಿಪಿ ಹಾಕದ ಟ್ಯೂಬ್.

ಮೈಕ್ರೊಸೋಮ್‌ನಲ್ಲಿ ಎರಡು ಸೋರಿಕೆ: ಫಾಸ್ಫಟೇಸ್ ಫಾಸ್ಫೋಕೋಲಿನ್ ಒಡೆದು ಕೋಲಿನ್ ಮಾಡುತ್ತದೆ, ಕೊನೆಯ ಹೆಜ್ಜೆಯ ಕಿಣ್ವ ಹುಟ್ಟಿದ ಸಿಡಿಪಿ-ಕೋಲಿನ್ ನುಂಗುತ್ತದೆ. ಮೊದಲನೆಯದಕ್ಕೆ ಕೋಲಿನ್ ಚುಕ್ಕೆ ಎಣಿಸಿ. ಎರಡನೆಯದಕ್ಕೆ ಜೊತೆಗೊಂದು ಟ್ಯೂಬನ್ನು ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಬೇರ್ಪಡಿಸಿ ಲಿಪಿಡ್ ಸೇರುವ ಕೆಳಪದರ ಎಣಿಸಿ, ಬಂದದ್ದನ್ನು ಸಿಸಿಟಿ ಲೆಕ್ಕಕ್ಕೆ ಕೂಡಿಸಿ.