ಮಳೆಗಾಲದಲ್ಲಿ ನಾಯಿಮರಿ ತಂದಿದ್ದೀರಾ? ಅಂಗಳದ ಅಭ್ಯಾಸ, ರಾತ್ರಿಯ ನಿದ್ದೆ ಎರಡನ್ನೂ ಹೀಗೆ ಕಲಿಸಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಬೊಳ್ಳು ಬಂದದ್ದು ಜೂನ್ ಕೊನೆಯ ವಾರ. ಬಿಳಿ ನಾಯಿಗೆ ನಮ್ಮ ಕಡೆ ಇಡುವ ಮಾಮೂಲಿ ಹೆಸರು ಅದು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊರಗೆ ಬಿಡದೆ ಮಳೆ. ಒಳಗೆ ಮೊದಲ ದಿನ 11 ಸಲ ಉಚ್ಚೆ. ಲೆಕ್ಕ ಹೇಗೆ ಗೊತ್ತು ಅಂದರೆ, ಒರೆಸಿದವಳು ನಾನೇ.

'ಮೂತಿ ಹಿಡಿದು ಅದಕ್ಕೇ ತಿಕ್ಕು, ಬುದ್ಧಿ ಬರ್ತದೆ' ಅಂತ ಆಚೆಮನೆ ಮಾವ ಹೇಳಿದರು. ಬರುವುದಿಲ್ಲ. ಐದು ನಿಮಿಷದ ಹಿಂದೆ ಮಾಡಿದ ಉಚ್ಚೆಗೂ ಈಗ ಬಿದ್ದ ಪೆಟ್ಟಿಗೂ ಸಂಬಂಧ ಕಟ್ಟಲು ಮರಿಗೆ ಆಗುವುದಿಲ್ಲ. ಮಾಡುವಾಗಲೇ ಹೊಡೆದರೆ ಇನ್ನೂ ಕಷ್ಟ. ಮನುಷ್ಯರ ಎದುರು ಮಾಡಿದರೆ ಪೆಟ್ಟು ಬೀಳುತ್ತದೆ ಅಂತ ಮಾತ್ರ ಅದಕ್ಕೆ ಅರ್ಥವಾಗುತ್ತದೆ. ಆಮೇಲೆ ನೀವು ಅಂಗಳದಲ್ಲಿ ಅರ್ಧ ಗಂಟೆ ಕೊಡೆ ಹಿಡಿದು ನಿಂತರೂ ಮಾಡುವುದಿಲ್ಲ, ಒಳಗೆ ಬಂದು ಕಪಾಟಿನ ಸಂದಿಯಲ್ಲಿ ಕದ್ದು ಮಾಡುತ್ತದೆ. ಹಾಗಾಗಿ ಬೈಯುವುದು, ಹೊಡೆಯುವುದು ಬಿಟ್ಟುಬಿಡಿ. ಮೊದಲ ಒಂದು ತಿಂಗಳು ಕಲಿಯಬೇಕಾದದ್ದು ಮರಿಗಿಂತ ಜಾಸ್ತಿ ನಾವು. ಅದರ ಹೊಟ್ಟೆಯ ಗಡಿಯಾರ ನಮಗೆ ಬಾಯಿಪಾಠ ಬರಬೇಕು.

ತರುವ ಮೊದಲೇ ಒಂದು ಮಾತು. 8 ವಾರ ತುಂಬದ ಮರಿ ತರಬೇಡಿ. ಅಷ್ಟು ಎಳೆಯ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ. ನಮ್ಮಲ್ಲಿ ಮರಿ ಬರುವುದು ನೆಂಟರ ಮನೆಯ ಕೊಟ್ಟಿಗೆಯಿಂದ ಅಲ್ವಾ, ಅಲ್ಲಿ ಇದನ್ನು ಕೇಳುವವರಿಲ್ಲ. ಮಲಗುವ ಜಾಗದಿಂದ ಆಚೆ ಹೋಗಿ ಮಾಡಬೇಕು ಅನ್ನುವ ಮೊದಲ ಪಾಠ ಮರಿಗೆ ಸಿಗುವುದು ತಾಯಿಯ ಹತ್ತಿರ. ಅದನ್ನು ಅರ್ಧಕ್ಕೆ ನಿಲ್ಲಿಸಿ ತಂದರೆ ಉಳಿದದ್ದು ನಿಮ್ಮ ತಲೆಗೆ ಬರುತ್ತದೆ.

ಮೊದಲ ಕೆಲಸ: ಮಳೆ ಬೀಳದ ಒಂದು ಜಾಗ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಎರಡು ತಿಂಗಳ ಮರಿಯನ್ನು ಆ ಮಳೆಗೆ ಇಳಿಸಿದರೆ ಅದು ನಡುಗುತ್ತಾ ನಿಮ್ಮ ಕಾಲ ಬುಡದಲ್ಲಿ ನಿಲ್ಲುತ್ತದೆ, ಉಚ್ಚೆಯ ನೆನಪೇ ಇರುವುದಿಲ್ಲ. ಕೊಟ್ಟಿಗೆಯ ಮಾಡಿನಡಿ, ಕಟ್ಟಿಗೆ ರಾಶಿಯ ಬದಿ, ಇಲ್ಲವೇ ಟರ್ಪಾಲು ಕಟ್ಟಿದ ಒಂದು ಮೂಲೆ, ನಾಲ್ಕಡಿ ಜಾಗ ಸಾಕು. ಅಲ್ಲಿ ಹೊಯಿಗೆ (ಮರಳು) ಮತ್ತು ಮಣ್ಣು ಹರಡಿ. ಒಳಗೆ ಉಚ್ಚೆ ಒರೆಸಿದ ಬಟ್ಟೆಯನ್ನು ಅದರ ಮೇಲೆ ಹಿಂಡಿ. ವಾಸನೆ ಹಿಡಿದು ಮರಿಗೆ ಜಾಗ ಗೊತ್ತಾಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮಳೆಗೆ ಹೊರಗೆ ಹೋಗುವ ಉದಾಸೀನದಿಂದ ಜಗಲಿಯಲ್ಲಿ ಹಳೇ ಗೋಣಿ ಹಾಸಿದೆ. ಬೊಳ್ಳು ಎರಡೇ ದಿನದಲ್ಲಿ ಕಲಿತ, ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಅವನು ಕಲಿತದ್ದು ಜಗಲಿಯನ್ನಲ್ಲ, ಗೋಣಿಯನ್ನು. ಕಾಲಿಗೆ ತಾಗುವ ನೆಲ ಎಂಥದ್ದು ಅನ್ನುವುದನ್ನು ಮರಿಗಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತವೆ. ಮುಂದಿನ ವಾರ ಬಾಗಿಲ ಬಳಿಯ ಕಾಲೊರಸು ಒದ್ದೆ. ಅದರ ಮರುದಿನ ಚಾಲಿ ಅಡಿಕೆ ತುಂಬಿಸಿಟ್ಟ ಗೋಣಿ. 'ಈ ವರ್ಷ ರೇಟು ಬರ್ತದೋ ಇಲ್ವೋ, ವಾಸನೆಯಂತೂ ಬಂತು' ಅಂದರು ಅಮ್ಮ. ಅದನ್ನು ಬಿಡಿಸಲು ಇನ್ನೂ ಎರಡು ವಾರ ಹೋಯಿತು. ಫ್ಲಾಟಿನಲ್ಲಿ ಇರುವವರಿಗೆ ಪೇಪರ್ ಬಿಟ್ಟು ಬೇರೆ ದಾರಿ ಇಲ್ಲದಿರಬಹುದು, ಅಂಗಳ ಇರುವವರು ಮೊದಲ ದಿನದಿಂದಲೇ ಮಣ್ಣು ತೋರಿಸಿ.

ಯಾವಾಗ ಕರೆದುಕೊಂಡು ಹೋಗಬೇಕು?

ಎದ್ದ ಕೂಡಲೇ. ತಿಂದು ಐದರಿಂದ ಇಪ್ಪತ್ತು ನಿಮಿಷದೊಳಗೆ. ಆಟ ಮುಗಿದ ಮೇಲೆ. ಮನೆಗೆ ಯಾರಾದರೂ ಬಂದು ಮುದ್ದು ಮಾಡಿದ ಮೇಲೆ. ಇದು ಬಿಟ್ಟು ಎಚ್ಚರ ಇರುವಾಗ ಗಂಟೆಗೊಮ್ಮೆ. ಒಂದು ಒರಟು ಲೆಕ್ಕ ಇದೆ: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ಅದು ತಡೆದುಕೊಳ್ಳಬಹುದು. ಎರಡು ತಿಂಗಳಿನದಾದರೆ ಮೂರು ಗಂಟೆ. ಆದರೆ ಅದು ಗರಿಷ್ಠ, ಹಗಲಲ್ಲಿ ಓಡಾಡುವಾಗ ಅಷ್ಟು ಹೊತ್ತು ಕಾಯಬೇಡಿ. ನೆಲ ಮೂಸುತ್ತಾ ಸುತ್ತು ಹಾಕಿತು, ಆಡುತ್ತಿದ್ದದ್ದು ಫಕ್ಕನೆ ನಿಲ್ಲಿಸಿ ಮೂಲೆಗೆ ಹೊರಟಿತು ಅಂದರೆ ಎತ್ತಿಕೊಂಡು ಓಡಿ. ನಡೆಸಿಕೊಂಡು ಹೋದರೆ ಹೊಸ್ತಿಲಲ್ಲೇ ಆಗಿಬಿಡುತ್ತದೆ.

ಊಟಕ್ಕೂ ಹೊತ್ತು ಬೇಕು. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರೋ ನಾಲ್ಕೋ ಸಲ, ದಿನವೂ ಅದೇ ಹೊತ್ತಿಗೆ ಹಾಕಿ, ಹದಿನೈದು ನಿಮಿಷದಲ್ಲಿ ತಟ್ಟೆ ಎತ್ತಿಬಿಡಿ. ಗಂಜಿ ಇಡೀ ದಿನ ಬಟ್ಟಲಲ್ಲಿ ಇದ್ದರೆ ಹೊರಗೆ ಹೋಗುವ ಹೊತ್ತು ಯಾರಿಗೂ ಲೆಕ್ಕಕ್ಕೆ ಸಿಗುವುದಿಲ್ಲ. ದನದ ಹಾಲು ಕೆಲವು ಮರಿಗಳಿಗೆ ಜೀರ್ಣವಾಗದೆ ಭೇದಿ ಆಗುತ್ತದೆ, ಕಲಿಸುವ ವಾರದಲ್ಲಿ ಅದೊಂದು ಬೇಡ.

ಜಾಗಕ್ಕೆ ಹೋದ ಮೇಲೆ ಹಗ್ಗ ಹಿಡಿದು ಸುಮ್ನೆ ನಿಲ್ಲಿ. ಐದು ನಿಮಿಷ. ಮಾಡಲು ಶುರು ಮಾಡಿದಾಗ ಒಂದೇ ಪದ ಮೆಲ್ಲಗೆ ಹೇಳಿ. ನಮ್ಮ ಕಡೆಯ ಮನೆಗಳಲ್ಲಿ ಇದೇ ದೊಡ್ಡ ತಮಾಷೆ. ನಾವು ಕನ್ನಡದಲ್ಲಿ ಹೇಳುವುದು, ಕೆಲಸಕ್ಕೆ ಬರುವ ಅಕ್ಕ ತುಳುವಿನಲ್ಲಿ, ಆಚೆಮನೆ ಮಕ್ಕಳು ಮಲಯಾಳದಲ್ಲಿ, ಪಾಪ ಮರಿ ಮೂರು ಭಾಷೆ ಕಲಿಯಬೇಕು. ಕೊನೆಗೆ ಚಿಕ್ಕ ಮಕ್ಕಳಿಗೆ ಹೇಳುವ 'ಸ್‌ಸ್‌' ಅಂತ ಒಪ್ಪಂದವಾಯಿತು. ಅದು ಮೂರು ಭಾಷೆಗೂ ಆಗುತ್ತದೆ.

ಮುಗಿಸಿದ ಕ್ಷಣ, ಅಲ್ಲೇ ನಿಂತು, ಬಾಯಿಗೊಂದು ತುಂಡು ಕೊಡಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಯಿತು. ಬೇಯಿಸಿದ ಕೋಳಿ ಚೂರು, ಸಸ್ಯಾಹಾರದ ಮನೆಯಾದರೆ ಬೇಯಿಸಿದ ಗೆಣಸು, ಉಗುರಿನಷ್ಟು ಸಾಕು. ಒಣಮೀನು ಬೇಡ, ಉಪ್ಪು ಜಾಸ್ತಿ. ಮಳೆ ಇಲ್ಲದ ದಿನ ಮಾಡಿದ ಮೇಲೆ ಎರಡು ನಿಮಿಷ ಅಂಗಳದಲ್ಲಿ ಆಡಲು ಬಿಡಿ, ಇಲ್ಲದಿದ್ದರೆ 'ಉಚ್ಚೆ ಮಾಡಿದರೆ ಆಟ ಮುಗಿಯಿತು' ಅಂತ ತಿಳಿದು ತಡ ಮಾಡುತ್ತಾ ಹೋಗುತ್ತದೆ. ಜಡಿಮಳೆಯಲ್ಲಿ ಇದು ತಿರುಗಾಮುರುಗಾ. ಆಗ ಬೇಗ ಒಳಗೆ ಹೋಗುವುದೇ ಅದಕ್ಕೆ ಬಹುಮಾನ.

ಏನೂ ಮಾಡದೆ ವಾಪಸ್ ಬಂತಾ? ಒಳಗೆ ಸ್ವತಂತ್ರ ಬಿಡಬೇಡಿ. ಹಗ್ಗ ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಹೋಗಿ.

ಒಳಗೆ ಆಗಿಯೇ ಆಗುತ್ತದೆ. ಆಗ ಮಾತಾಡದೆ ಒರೆಸಿ. ಕರಿ ಫಿನಾಯಿಲ್ ಮಾತ್ರ ಬೇಡವೇ ಬೇಡ, ಮರಿ ಅದರಲ್ಲಿ ನಡೆದು ಕಾಲು ನೆಕ್ಕಿದರೆ ವಿಷ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಅದರ ವಾಸನೆ ಉಚ್ಚೆಯ ಹಾಗೇ ಇರುತ್ತದೆ. ಕಿಣ್ವ ಇರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ತೊಳೆದು, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಪೂರಾ ಒಣಗಿಸಿ. ಟೈಲ್ಸ್ ಆದರೆ ನೀರು ಬೆರೆಸಿದ ವಿನೆಗರ್ ಆಗಬಹುದು, ಹಳೇ ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಹಾಕಿದರೆ ಹೊಳಪು ಹೋಗುತ್ತದೆ. ಸೆಗಣಿ ಸಾರಿಸಿದ ನೆಲ ಆದರೆ ಅಷ್ಟು ಭಾಗ ಕೆರೆದು ಮತ್ತೆ ಸಾರಿಸಿ.

ಇನ್ನು ರಾತ್ರಿ

ಮೊದಲ ರಾತ್ರಿ ಮರಿ ಅಳುತ್ತದೆ. ನಿನ್ನೆವರೆಗೆ ಐದಾರು ಮರಿಗಳ ರಾಶಿಯಲ್ಲಿ, ತಾಯಿಯ ಹೊಟ್ಟೆಗೆ ಒತ್ತಿ ಮಲಗಿದ್ದ ಜೀವ. 'ಹೊರಗೆ ಕಟ್ಟಿ ಹಾಕು, ಎರಡು ದಿನ ಕೂಗಿ ಸುಮ್ಮನಾಗ್ತದೆ' ಅನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ಸುಮ್ಮನಾಗುತ್ತದೆ, ನಿಜ. ಕೂಗಿ ಪ್ರಯೋಜನ ಇಲ್ಲ ಅಂತ ಗೊತ್ತಾಗಿ ಸುಮ್ಮನಾಗುವುದು ಅದು. ಕಾರಡ್ಕ, ಮುಳಿಯಾರು ಕಡೆಯವರಿಗಂತೂ ನಾನು ಹೇಳಬೇಕಾಗಿಲ್ಲ, ಅಲ್ಲಿ ಚಿರತೆ ಮೊದಲು ಕಣ್ಣು ಹಾಕುವುದೇ ಅಂಗಳದಲ್ಲಿ ಕಟ್ಟಿದ ನಾಯಿಗೆ. ಮುಂದೆ ಜಗಲಿಯಲ್ಲಿ ಮಲಗುವ ನಾಯಿಯೇ ಆಗಲಿ, ಮೊದಲ ಎರಡು ವಾರ ಒಳಗೆ ನಿಮ್ಮ ಮಂಚದ ಪಕ್ಕ ಮಲಗಲಿ.

ಒಂದು ಪೆಟ್ಟಿಗೆ ಬೇಕು. ದುಡ್ಡು ಕೊಟ್ಟು ಕ್ರೇಟ್ ತರಬೇಕಾಗಿಲ್ಲ, ಗಟ್ಟಿ ರಟ್ಟಿನ ಪೆಟ್ಟಿಗೆ, ಹಾರಿ ಹೊರಬರಲು ಆಗದಷ್ಟು ಎತ್ತರದ್ದು, ಸಾಕು. ಕೈಕಾಲು ಚಾಚಿ ಮಲಗಿ ಮಗ್ಗುಲು ತಿರುಗುವಷ್ಟೇ ಜಾಗ ಇರಲಿ. ತೀರಾ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಮಾಡುತ್ತದೆ. ಮಲಗುವ ಜಾಗವನ್ನು ಹೊಲಸು ಮಾಡಲು ನಾಯಿಗೆ ಇಷ್ಟವಿಲ್ಲ, ನಮ್ಮ ಉಪಾಯ ಎಲ್ಲ ನಿಂತಿರುವುದು ಅದರ ಮೇಲೆ. ತಾಯಿಯ ಮೈಗೆ ಉಜ್ಜಿ ತಂದ ಬಟ್ಟೆ ಒಂದು, ಹಳೇ ಸೀರೆ ಒಂದು, ಬಾಟಲಿಯಲ್ಲಿ ಬಿಸಿನೀರು ತುಂಬಿ ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಡಿ. ಹಗಲಲ್ಲೂ ಅದೇ ಪೆಟ್ಟಿಗೆಯಲ್ಲಿ ನಾಲ್ಕು ಸಲ ತಿಂಡಿ ಹಾಕಿ ಅಭ್ಯಾಸ ಮಾಡಿಸಿ, ಶಿಕ್ಷೆಗೆ ಮಾತ್ರ ಅದರೊಳಗೆ ಹಾಕಬೇಡಿ. ಬಚ್ಚಲ ಒಲೆಯ ಬೂದಿ ಬೆಚ್ಚಗಿರುತ್ತದೆ ಅಂತ ಅಲ್ಲಿ ಮಲಗಿಸುವ ರೂಢಿ ಇದೆಯಲ್ಲ, ಬೂದಿಯಡಿ ಕೆಂಡ ಇರುತ್ತದೆ, ಬೇಡ.

ರಾತ್ರಿ ಊಟ ಏಳು ಗಂಟೆಗೆ ಮುಗಿಸಿ. ನೀರು ಪೂರಾ ನಿಲ್ಲಿಸಬೇಡಿ, ಮಲಗುವ ಒಂದು ಗಂಟೆ ಮೊದಲು ಬಟ್ಟಲು ಎತ್ತಿದರೆ ಸಾಕು. ಹತ್ತೂವರೆಗೆ ಕೊನೆಯ ಸಲ ಹೊರಗೆ. ಒಂದೂವರೆಗೆ, ನಾಲ್ಕೂವರೆಗೆ ಅಲಾರಂ. ಅದು ಅತ್ತು ಎಬ್ಬಿಸುವ ಮೊದಲೇ ನೀವು ಎಬ್ಬಿಸಬೇಕು, ಇಲ್ಲದಿದ್ದರೆ ಅತ್ತರೆ ಪೆಟ್ಟಿಗೆ ತೆರೆಯುತ್ತದೆ ಅಂತ ಕಲಿಯುತ್ತದೆ. ಮೆಟ್ಟಿಲು ಇಳಿಯುವ ಮೊದಲು ಟಾರ್ಚು ಹಾಕಿ ನೆಲ ನೋಡಿ, ಮಳೆಗಾಲದಲ್ಲಿ ಹಾವು ಇರುವುದು ಇಂಥ ಕಡೆಯೇ. ಕಪ್ಪೆ ಕಂಡರೆ ಮರಿ ಬಾಯಿ ಹಾಕುತ್ತದೆ, ನೆಲಗಪ್ಪೆ ಕಚ್ಚಿ ನೊರೆ ಸುರಿಸಿದರೆ ಒದ್ದೆ ಬಟ್ಟೆಯಲ್ಲಿ ಒಸಡು ಒರೆಸಿ, ಸುಸ್ತಾದರೆ ಡಾಕ್ಟರಿಗೆ ತೋರಿಸಿ. ಹೊರಗೆ ಮಾತಿಲ್ಲ, ಮುದ್ದಿಲ್ಲ. ಮಾಡಿಸಿ, ತುಂಡು ಕೊಟ್ಟು, ವಾಪಸ್ ಪೆಟ್ಟಿಗೆಗೆ.

ಪೆಟ್ಟಿಗೆಗೆ ಹಾಕಿದ ಮೇಲೂ ಕುಂಯ್‌ಗುಟ್ಟಿದರೆ ಕೈ ಕೆಳಗೆ ಚಾಚಿ ಅದರ ಪಕ್ಕದಲ್ಲಿಡಿ. ನನ್ನ ತೋಳು ನಾಲ್ಕು ರಾತ್ರಿ ಜೋಮು ಹಿಡಿಯಿತು, ಐದನೆಯ ರಾತ್ರಿ ಬೊಳ್ಳುವಿಗೆ ಕೈ ಬೇಡವಾಯಿತು. ಮಧ್ಯರಾತ್ರಿ ಮಲಗಿದ್ದದ್ದು ಎದ್ದು ಚಡಪಡಿಸಿ ಕೂಗಿದರೆ ಅದು ಬೇರೆ ಕೂಗು, ಹೊರಗೆ ಕರೆದುಕೊಂಡು ಹೋಗಿ. ಮೂರ್ನಾಲ್ಕು ದಿನ ಪೆಟ್ಟಿಗೆ ಒಣಗಿದ್ದರೆ ಅಲಾರಮನ್ನು ಅರ್ಧ ಗಂಟೆ ಮುಂದೆ ಹಾಕಿ, ಹಾಗೇ ಒಂದು ಅಲಾರಂ ತೆಗೆದುಬಿಡಿ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮರಿಗಳು ರಾತ್ರಿಯಿಡೀ ಮಲಗುತ್ತವೆ. ಅಕ್ಟೋಬರಿನ ತುಲಾಮಳೆಯ ಗುಡುಗಿಗೆ ಮಾತ್ರ ಒಂದೆರಡು ರಾತ್ರಿ ಹಾಳಾಗಬಹುದು.

ಚುಚ್ಚುಮದ್ದು ಮರೆಯಬೇಡಿ. 6ರಿಂದ 8 ವಾರದಲ್ಲಿ ಮೊದಲನೆಯದು, ಮತ್ತೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ಅಲ್ಲಿಯವರೆಗೆ ಉಚ್ಚೆ ಮಾಡಿಸಲು ಮಾರ್ಗದ ಬದಿಗೆ ಒಯ್ಯಬೇಡಿ, ಮರಿಗಳಿಗೆ ಜೀವ ಹೋಗುವಂಥ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ. ಆ ಸರ್ಟಿಫಿಕೇಟ್ ಜೋಪಾನವಾಗಿಡಿ, ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನಿಂದ ಲೈಸೆನ್ಸ್ ಮಾಡಿಸಲು ಅದು ಬೇಕು. ಚೆನ್ನಾಗಿ ಕಲಿತ ಮರಿ ಒಮ್ಮೆಗೇ ಗಳಿಗೆಗೊಮ್ಮೆ ಹನಿ ಹನಿ ಉಚ್ಚೆ ಮಾಡಲು ಶುರು ಮಾಡಿದರೆ ಅದು ಹಟ ಅಲ್ಲ, ಸೋಂಕು ಇರಬಹುದು. ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೊಳ್ಳು ಸೆಪ್ಟೆಂಬರ್ ಹೊತ್ತಿಗೆ ಪೂರಾ ಕಲಿತ. ಒಂದೇ ಒಂದು ಎಡವಟ್ಟು ಉಳಿದಿದೆ. ಮೂರು ತಿಂಗಳು ನಾನು ಪ್ರತಿ ಸಲವೂ ಕೊಡೆ ಬಿಡಿಸಿಯೇ ಅವನನ್ನು ಹೊರಗೆ ಕರೆದುಕೊಂಡು ಹೋದದ್ದಲ್ವಾ, 'ಸ್‌ಸ್‌'ಗಿಂತ ಅವನಿಗೆ ಆ ಕೊಡೆಯ ಸದ್ದೇ ಗಟ್ಟಿಯಾಗಿದೆ. ಮೊನ್ನೆ ಮದುವೆ ಕಾಗದ ಕೊಡಲು ಬಂದವರು ಹೊರಡುವಾಗ ಬಿಸಿಲಿಗೆಂದು ಜಗಲಿಯಲ್ಲಿ ಕೊಡೆ ಬಿಡಿಸಿದರು. ಗಾಢ ನಿದ್ದೆಯಲ್ಲಿದ್ದವನು ದಡಬಡ ಎದ್ದು ಕೊಟ್ಟಿಗೆ ಬದಿಗೆ ಓಡಿದ, ಕಾಲೆತ್ತಿ ಎರಡು ಹನಿ ಬಿಟ್ಟು, ಅವರ ಎದುರು ಬಂದು ಬಾಯಿ ತೆರೆದು ಕೂತ. ತುಂಡಿಗೆ.