ಮಲಗಿದ ಕಣ್ಣಿಗೆ ಕಾಣುವ ಗಿಳಿಗಳು

ತಮ್ಮನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಗುಳೇದಗುಡ್ಡದ ತವರಿಗೆ ಹೋದ ವಾರದಲ್ಲೇ, ಹುಟ್ಟಲಿರುವ ಕೂಸಿಗೆ ಸೋದರತ್ತೆಯಾಗಿ ನಾನು ಏನೇನು ಒಯ್ಯಬೇಕೆಂಬ ಪಟ್ಟಿ ಮನೆಯಲ್ಲಿ ಸಿದ್ಧವಾಗಿತ್ತು. ಕುಲಾವಿ, ಅಂಗಿ, ಕೌದಿ ಇವೆಲ್ಲ ಇದ್ದದ್ದೇ. ಅವುಗಳ ಜೊತೆಗೆ, ನಾವು ಚಿಕ್ಕವರಿದ್ದಾಗ ತೊಟ್ಟಿಲ ಮೇಲೆ ತೂಗುತ್ತಿದ್ದ ಬಟ್ಟೆಯ ಗಿಳಿಗೊಂಚಲಿನಂಥದ್ದೊಂದನ್ನು ನನ್ನ ಕೈಯಾರೆ ಮಾಡಿಕೊಡಬೇಕೆಂದು ನಾನು ನಿಶ್ಚಯಿಸಿದೆ. ಧಾರವಾಡದಲ್ಲಿ ಇಪ್ಪತ್ತು ವರ್ಷಗಳಿಂದ ರವಿಕೆ ಹೊಲಿಯುವುದೇ ನನ್ನ ಕೆಲಸವಾದ್ದರಿಂದ ಗುಳೇದಗುಡ್ಡದಲ್ಲಿ ನೇಯುವ ರವಿಕೆಬಟ್ಟೆಯಾದ ಖಣದ ಚೂರುಗಳಿಗೆ ನನ್ನಲ್ಲಿ ಕೊರತೆ ಇರಲಿಲ್ಲ. ಪೇಟೆಯಲ್ಲಿ ಇದನ್ನೇ ‘ಮೊಬೈಲ್’ ಎಂದು ಮಾರುತ್ತಾರೆ. ಆ ಮಾತು ನಮ್ಮಲ್ಲಿ ಫೋನಿಗೆ ಸಂದುಹೋಗಿರುವುದರಿಂದ ನಾನು ತೂಗುಗೊಂಚಲು ಎಂದೇ ಕರೆಯುತ್ತೇನೆ.

ಮೊದಲ ಪ್ರಯತ್ನದಲ್ಲಿ ಐದು ಗಿಳಿಗಳನ್ನು ಹೊಲಿದೆ. ಹಸಿರು ಖಣದ ಮೈ, ಕೆಂಪು ಕೊಕ್ಕು, ಚೂಪಾಗಿ ಕತ್ತರಿಸಿದ ಬಾಲ. ಬೆನ್ನಿಗೆ ದಾರ ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿದಾಗ ಬಂದವರೆಲ್ಲ ನಿಂತು ನೋಡಿ ಮೆಚ್ಚಿದರು. ಸಂಜೆ ಬೆನ್ನುನೋವಿಗೆಂದು ಅದರ ಕೆಳಗೇ ಚಾಪೆ ಹಾಸಿ ಮಲಗಿದೆ. ಮೇಲೆ ನೋಡಿದರೆ ಗಿಳಿಗಳೇ ಇರಲಿಲ್ಲ. ಐದು ಸಣಕಲು ಗೆರೆಗಳು, ಹೊಲಿಗೆಯ ಅಂಚುಗಳು ಮಾತ್ರ ಕಾಣುತ್ತಿದ್ದವು. ನಿಂತವರಿಗಾಗಿ ನಾನು ಗಿಳಿ ಮಾಡಿದ್ದೆನೇ ಹೊರತು ಅಂಗಾತ ಮಲಗಿದ ಕೂಸಿಗಾಗಿ ಅಲ್ಲ. ಅಂದಿನಿಂದ ಗೊಂಚಲಿನ ಯಾವ ಭಾಗವನ್ನೂ ಕೆಳಗೆ ಮಲಗಿ ನೋಡದೆ ನಾನು ಒಪ್ಪಿಕೊಂಡಿಲ್ಲ.

ಎರಡನೆಯ ಸಲ ಗಿಳಿಯನ್ನು ರೆಕ್ಕೆ ಬಿಚ್ಚಿ ಹಾರುವ ಭಂಗಿಯಲ್ಲಿ, ಹೊಟ್ಟೆ ಕೆಳಗಾಗಿ ನೆಲಕ್ಕೆ ಸಮನಾಗಿ ತೂಗುವಂತೆ ಕತ್ತರಿಸಿದೆ. ರೆಕ್ಕೆಯ ತುದಿಯಿಂದ ತುದಿಗೆ 14 ಸೆಂಟಿಮೀಟರ್ ಅಗಲ. ಒಳಗೆ ಅರಳೆ ಮಾತ್ರ ತುಂಬಿದರೆ ರೆಕ್ಕೆಗಳು ಜೋತುಬೀಳುತ್ತವೆ. ಆದ್ದರಿಂದ ಕಾಲರಿಗೆ ಬಳಸುವ ಬಕ್ರಮ್ಮನ್ನು ಅದೇ ಆಕಾರದಲ್ಲಿ ಕತ್ತರಿಸಿ ಒಳಗಿಟ್ಟು, ಅದರ ಎರಡೂ ಬದಿಗೆ ತೆಳುವಾಗಿ ಅರಳೆ ಹರಡಿದೆ. ಖಣದ ಅಂಚು ಕತ್ತರಿ ತಾಗಿದ ಕ್ಷಣದಿಂದಲೇ ಎಳೆ ಬಿಡುವ ಬಟ್ಟೆ. ಹೊಲಿಗೆಯ ಗೆರೆಯಿಂದ ಒಂದು ಸೆಂಟಿಮೀಟರಿನಷ್ಟು ಬಟ್ಟೆ ಬಿಟ್ಟು, ಒಳಮಗ್ಗುಲಿನಿಂದ ಹೊಲಿದು, ಬಾಲದ ಬಳಿಯ ಸಂದಿನಿಂದ ತಿರುವಿ ಹಾಕಬೇಕು. ಬಣ್ಣ ಬಿಡುತ್ತದೆಯೋ ಇಲ್ಲವೋ ಎಂಬುದನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ನೋಡಬೇಕು. ನನ್ನ ಕುಂಕುಮಗೆಂಪು ಚೂರೊಂದು ಮೂರು ಸಲ ಒಗೆದ ಮೇಲೂ ಬಣ್ಣ ಬಿಡುತ್ತಿತ್ತು. ಅಷ್ಟು ಸೊಗಸಾದ ಬಣ್ಣವನ್ನು ಮನಸ್ಸಿಲ್ಲದಿದ್ದರೂ ಪಕ್ಕಕ್ಕಿಟ್ಟೆ.

ಹೊಟ್ಟೆಯ ಬದಿಗೆ ಯಾವ ಬಟ್ಟೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹುಟ್ಟಿದ ಕೂಸಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ, ಅಂದರೆ ಹಾಲೂಡಿಸುವ ತಾಯಿಯ ಮುಖ ಇರುವಷ್ಟು ದೂರ. ಬಣ್ಣಗಳ ಸೂಕ್ಷ್ಮ ಭೇದಕ್ಕಿಂತ ಕಪ್ಪು ಬಿಳುಪಿನ ತೀಕ್ಷ್ಣ ಭೇದವೇ ಮೊದಲ ವಾರಗಳಲ್ಲಿ ಅದರ ಕಣ್ಣನ್ನು ಸೆಳೆಯುತ್ತದೆ. ಬಣ್ಣಗಳು ಚೆನ್ನಾಗಿ ತಿಳಿಯಲು ಮೂರು ನಾಲ್ಕು ತಿಂಗಳು ಬೇಕು. ಮಾಂಟೆಸ್ಸೊರಿ ಪದ್ಧತಿಯವರು ಎಳೆಗೂಸಿಗೆ ಮೊದಲು ತೋರಿಸುವ ಗೊಂಚಲೂ ಕಪ್ಪು ಬಿಳುಪಿನದೇ. ಇಟಲಿಯ ಕಲಾವಿದ ಬ್ರೂನೊ ಮುನಾರಿಯ ಹೆಸರಿನಿಂದ ಅದನ್ನು ಕರೆಯುತ್ತಾರೆ. ಹಾಗೆಂದು ಗುಳೇದಗುಡ್ಡದ ಕೂಸಿಗೆ ಖಣವೇ ಇಲ್ಲದ ಗಿಳಿ ಕೊಡಲು ನನಗೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಗಿಳಿಯ ಒಂದು ಮುಖಕ್ಕೆ ಬಿಳಿ ಹತ್ತಿಬಟ್ಟೆಯ ಮೇಲೆ ಬೆರಳಗಲದ ಕಪ್ಪು ಪಟ್ಟಿಗಳನ್ನು ಹೊಲಿದು, ಇನ್ನೊಂದು ಮುಖಕ್ಕೆ ಖಣ ಹಾಕಿದೆ. ಕೊಕ್ಕಿನ ಬುಡದಲ್ಲಿ ಒಂದು, ರೆಕ್ಕೆಗಳ ಹಿಂಬದಿಯಲ್ಲಿ ಎರಡು, ಹೀಗೆ ಮೂರು ದಾರದ ಕುಣಿಕೆಗಳನ್ನು ಹೊಲಿಗೆಯ ಅಂಚಿನಲ್ಲೇ ಕೂರಿಸಿದ್ದರಿಂದ ಎರಡು ತಿಂಗಳ ನಂತರ ಗಿಳಿಯನ್ನು ಮಗುಚಿ ಕಟ್ಟಿದರೆ ಸಾಕಾಯಿತು. ಕಣ್ಣುಗಳನ್ನು ಮಣಿಯಿಂದಲ್ಲ, ಕಸೂತಿ ದಾರದಿಂದ ತುಂಬಿದೆ. ಉದುರಬಹುದಾದ ಒಂದೇ ಒಂದು ವಸ್ತುವೂ ಗೊಂಚಲಿನಲ್ಲಿ ಇರಬಾರದು.

ಇನ್ನು ತೂಕದ ಲೆಕ್ಕ. ಐದು ಗಿಳಿಗಳಲ್ಲಿ ನಾಲ್ಕನ್ನೇ ಉಳಿಸಿಕೊಂಡೆ. ಅಡುಗೆಮನೆಯ ತೂಕದ ಯಂತ್ರದಲ್ಲಿ ಒಂದೊಂದೂ 12 ಗ್ರಾಂ ಬರುವಂತೆ ಅರಳೆಯನ್ನು ಹೆಚ್ಚು ಕಡಿಮೆ ಮಾಡಿದೆ. ಬುಟ್ಟಿ ಹೆಣೆಯುವ ಮೇದಾರರಿಂದ ನಯವಾಗಿ ಸೀಳಿದ ಬಿದಿರಿನ ಕಡ್ಡಿಗಳನ್ನು ತಂದು 24, 30 ಮತ್ತು 36 ಸೆಂಟಿಮೀಟರಿಗೆ ಕತ್ತರಿಸಿದೆ. ಅವುಗಳ ತೂಕ ಕ್ರಮವಾಗಿ 3, 4 ಮತ್ತು 5 ಗ್ರಾಂ. ಕಟ್ಟುವ ಕೆಲಸ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸಾಗಬೇಕು, ಏಕೆಂದರೆ ಕೆಳಗಿನ ಒಟ್ಟು ಭಾರ ತಿಳಿಯದೆ ಮೇಲಿನ ಕಡ್ಡಿಯ ಗಂಟಿನ ಜಾಗ ತಿಳಿಯುವುದಿಲ್ಲ. ಕೆಳಗಿನ ಕಡ್ಡಿಗೆ ಎರಡು ಗಿಳಿಗಳು, ಗಂಟು ನಟ್ಟನಡುವೆ. ನಡುವಿನ ಕಡ್ಡಿಯ ಒಂದು ತುದಿಗೆ ಈ 27 ಗ್ರಾಂ ಭಾರ, ಇನ್ನೊಂದು ತುದಿಗೆ ಒಂಟಿ ಗಿಳಿ. ತಕ್ಕಡಿಯ ತತ್ವವೇ ಇಲ್ಲಿಯೂ ನಡೆಯುತ್ತದೆ: ಭಾರವನ್ನು ಗಂಟಿನಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಎರಡೂ ಕಡೆ ಸಮ ಬರಬೇಕು. ಮೊದಲು ಕಡ್ಡಿಯ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದ್ದರಿಂದ ಭಾರದ ತುದಿಯಿಂದ 9.2 ಸೆಂಟಿಮೀಟರ್ ಎಂದು ಬಂತು, ಕಟ್ಟಿದರೆ ಒಂಟಿ ಗಿಳಿಯ ಕಡೆಗೆ ವಾಲಿತು. ಕಡ್ಡಿಯ 4 ಗ್ರಾಮನ್ನು ಅದರ ನಡುಮಧ್ಯದಲ್ಲಿ ಇರುವಂತೆ ಭಾವಿಸಿ ಸೇರಿಸಿದಾಗ 9.8 ಬಂತು, ಅಲ್ಲಿ ಸಮನಾಗಿ ನಿಂತಿತು. ಎಲ್ಲಕ್ಕಿಂತ ಮೇಲಿನ ಕಡ್ಡಿಯ ಗಂಟು ಇದೇ ರೀತಿ 8.7 ಸೆಂಟಿಮೀಟರಿನಲ್ಲಿ ಬಿತ್ತು. ಇಡೀ ಗೊಂಚಲು ದಾರ ಬಿಟ್ಟರೆ 60 ಗ್ರಾಂ.

ಲೆಕ್ಕ ಎಷ್ಟೇ ಸರಿಯಿದ್ದರೂ ಕೊನೆಯ ಎರಡು ಮಿಲಿಮೀಟರನ್ನು ಬೆರಳೇ ಹುಡುಕಬೇಕು. ಗಂಟನ್ನು ಬಿಗಿಯದೆ ಸಡಿಲವಾಗಿ ಸುತ್ತಿ, ಉಗುರಿನಿಂದ ಅಕ್ಕಿಕಾಳಿನಷ್ಟು ಅತ್ತ ಇತ್ತ ಸರಿಸುತ್ತ, ಉಸಿರು ಬಿಗಿಹಿಡಿದು ಕಾಯಬೇಕು. ಕಡ್ಡಿ ಒಂದಿಷ್ಟು ಹೊತ್ತು ತೂಗಾಡಿ ನೆಲಕ್ಕೆ ಸಮನಾಗಿ ನಿಂತ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಅಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಮಾಡಿ, ದಾರವನ್ನು ಅದರಲ್ಲಿ ಕೂರಿಸಿ ಬಿಗಿದು ಒಂದು ಹನಿ ಫೆವಿಕಾಲ್ ಹಾಕಿದೆ. ಒಂಟಿ ಎಳೆಯ ದಾರ ತನ್ನಷ್ಟಕ್ಕೆ ಪುರಿ ಬಿಚ್ಚಿಕೊಳ್ಳುತ್ತ ಗೊಂಚಲನ್ನು ಸುಮ್ಮನೆ ತಿರುಗಿಸುತ್ತದೆ. ಮೂರೆಳೆ ಹೆಣೆದ ಹತ್ತಿಯ ದಾರ ಹಾಗೆ ಮಾಡುವುದಿಲ್ಲ.

ಹೆಸರಿಡುವ ದಿನ ಗುಳೇದಗುಡ್ಡಕ್ಕೆ ಒಯ್ದಾಗ ಅದನ್ನು ಎಲ್ಲಿ ಕಟ್ಟಬೇಕೆಂಬ ಮಾತು ಬಂತು. ತೊಟ್ಟಿಲ ಸರಪಳಿಗೇ ಕಟ್ಟಬೇಕೆಂದು ಎಲ್ಲರೂ ಬಯಸಿದ್ದರು. ಆದರೆ ತೊಟ್ಟಿಲು ತೂಗಿದಾಗ ಅದರೊಂದಿಗೆ ಗೊಂಚಲೂ ಕುಲುಕಿ, ನಿಧಾನವಾಗಿ ತಿರುಗುವ ಅದರ ಚಲನೆಯೇ ಹಾಳಾಗುತ್ತದೆ; ಬೇರೆಯಾಗಿ ಜಂತಿಗೆ ಕಟ್ಟಿದರೆ ತೂಗುವ ತೊಟ್ಟಿಲು ಬಂದು ಅದಕ್ಕೆ ಬಡಿಯುತ್ತದೆ. ಅಲ್ಲದೆ ತೊಟ್ಟಿಲು ನಿದ್ದೆಯ ಜಾಗ. ನೋಡುವುದಕ್ಕೆ ಕೂಸು ಎಚ್ಚರವಿರಬೇಕು. ಬೆಳಿಗ್ಗೆ ಎಣ್ಣೆ ಹಚ್ಚುವ ಮೊದಲು ನೆಲದ ಮೇಲಿನ ಕೌದಿಯ ಮೇಲೆ ಕೂಸು ಕೈಕಾಲು ಆಡಿಸುತ್ತ ಮಲಗುವ ಅರ್ಧ ಗಂಟೆಯೇ ಗೊಂಚಲಿನ ಹೊತ್ತೆಂದು ನಾನು ಹೇಳಿದೆ. ಬೀಗತಿಯವರು ಗಿಳಿಯನ್ನು ಕೈಯಲ್ಲಿ ಹಿಡಿದು ನೋಡಿ, “ಒಂದೊಂದು ಗೆಜ್ಜಿ ಕಟ್ಟಿದ್ದರ ಚಂದ ಕೇಳಸ್ತಿತ್ತಲ್ರೀ ಅಕ್ಕಾರ” ಎಂದರು. “ಬಿದ್ದದ್ದು ಕೂಸಿನ ಕೈಗೆ ಸಿಕ್ಕರ ಸೀದಾ ಬಾಯಿಗೇ ಹೋಗ್ತದ್ರಿ” ಎಂದೆ. ಅವರು ಮರುಮಾತಾಡದೆ ಗೆಜ್ಜೆಯನ್ನು ತೊಟ್ಟಿಲ ಹೊರಬದಿಯ ಸರಪಳಿಯ ಮೇಲ್ತುದಿಗೆ ಕಟ್ಟಿದರು.

ಜಂತಿಯ ಕೊಂಡಿಯ ಮೂಲಕ ಹಗ್ಗ ಹಾಯಿಸಿ, ಅದರ ಇನ್ನೊಂದು ತುದಿಯನ್ನು ಗೋಡೆಯ ಮೊಳೆಗೆ ಸುತ್ತಿದೆವು. ಕೂಸಿನ ಕಣ್ಣಿನಿಂದ ಒಂದಡಿ ಮೇಲೆ, ನೆತ್ತಿಗೆ ನೇರವಾಗಿ ಅಲ್ಲದೆ ಎದೆಯ ಮೇಲೆ ಬರುವಂತೆ ಗೊಂಚಲನ್ನು ಇಳಿಸುವುದು, ದೊಡ್ಡವರೊಬ್ಬರು ಪಕ್ಕದಲ್ಲೇ ಕೂರುವುದು, ಕೂಸಿನ ಕಣ್ಣು ಎಳೆಯತೊಡಗಿದರೆ ಅಥವಾ ಮುಖ ಪಕ್ಕಕ್ಕೆ ತಿರುಗಿಸಿದರೆ ಹಗ್ಗ ಎಳೆದು ಜಂತಿಯವರೆಗೆ ಏರಿಸಿಬಿಡುವುದು, ಇದು ಅಲ್ಲಿಯ ಕ್ರಮವಾಯಿತು. ಫ್ಯಾನ್ ಹಾಕಿದರೆ ಗಿಳಿಗಳು ಕಣ್ಣಿಗೆ ನಿಲುಕದಂತೆ ಸುತ್ತುತ್ತವೆ; ಕಿಟಕಿಯ ಗಾಳಿಯೇ ಸಾಕು. ಆರನೆಯ ವಾರದಲ್ಲಿ ನಾನು ಮತ್ತೆ ಹೋದಾಗ, ಕೂಸು ಒಂದು ಗಿಳಿಯನ್ನು ಎಡಗಣ್ಣಂಚಿನಿಂದ ಬಲಗಣ್ಣಂಚಿನವರೆಗೆ ಕುತ್ತಿಗೆ ಹೊರಳಿಸುತ್ತ ಹಿಂಬಾಲಿಸಿತು. ಗಿಳಿ ಮರೆಯಾದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಮುಂದಿನದು ಬಂದೊಡನೆ ಎರಡೂ ಕಾಲುಗಳನ್ನು ಒಟ್ಟಿಗೆ ಝಾಡಿಸಿತು. ನಾನು ಅದರ ಪಕ್ಕದಲ್ಲೇ ಮಲಗಿ, ಅದು ನೋಡಿದ್ದನ್ನೇ ನೋಡುತ್ತಿದ್ದೆ.

ಮೂರು ತಿಂಗಳು ತುಂಬುವ ಹೊತ್ತಿಗೆ ಕೈ ಎತ್ತಿ ಹೊಡೆಯಲು ಶುರುವಾಯಿತು. ಗೊಂಚಲನ್ನು ಕೈಗೆಟುಕದಷ್ಟು ಮೇಲೇರಿಸಿದೆವು. ಐದು ತಿಂಗಳಿಗೆ, ಅಥವಾ ಅದಕ್ಕೂ ಮೊದಲೇ ಕೂಸು ಕೈ ಮತ್ತು ಮೊಣಕಾಲಿನ ಮೇಲೆ ಏಳತೊಡಗಿದರೆ ಆಗಲೇ, ಗೊಂಚಲನ್ನು ಪೂರ್ತಿ ತೆಗೆದುಬಿಡಬೇಕು. ಈ ಮಾತಿನಲ್ಲಿ ನಾನು ಯಾರಿಗೂ ಸಡಿಲು ಕೊಟ್ಟಿಲ್ಲ, ಏಕೆಂದರೆ ಎಳೆದ ದಾರ ಕುತ್ತಿಗೆಗೆ ಸುತ್ತಿಕೊಳ್ಳಲು ಒಂದು ಗಳಿಗೆ ಸಾಕು. ತೆಗೆದ ಗಿಳಿಗಳ ಕುಣಿಕೆ ಕತ್ತರಿಸಿ, ಬಕ್ರಮ್ ಹೊರತೆಗೆದು, ಮತ್ತೆ ಅರಳೆ ತುಂಬಿ ಬಿಗಿಯಾಗಿ ಹೊಲಿದು ಕೂಸಿನ ಕೈಗೇ ಕೊಟ್ಟೆ.

ಕಡ್ಡಿಗಳು ನನ್ನಲ್ಲೇ ಉಳಿದವು. ಹೋದ ವರ್ಷ ನೆರೆಮನೆಯ ಕೂಸಿಗೆಂದು ಅವಕ್ಕೆ ಹೊಸ ಗಿಳಿಗಳನ್ನು ಹೊಲಿದಾಗ ಒಂದೊಂದೂ 11 ಗ್ರಾಂ ಬಂತು. ಗಂಟುಗಳನ್ನೆಲ್ಲ ಬಿಚ್ಚಬೇಕಾದೀತೆಂದು ಅಂದುಕೊಂಡಿದ್ದೆ; ಆದರೆ ನಾಲ್ಕೂ ಸಮನಾಗಿ ಹಗುರಾಗಿದ್ದರಿಂದ ಹಳೆಯ ಕಚ್ಚುಗಳೇ ಹೊಂದಿದವು. ಒಂದೇ ಗಿಳಿಯ ತೂಕ ಬೇರೆಯಾದರೆ ಮಾತ್ರ ತೊಂದರೆ: ಕೆಳಗಿನ ಕಡ್ಡಿಯಲ್ಲಿ ಒಂದು ಗ್ರಾಂ ಹೆಚ್ಚಾದರೆ ಗಂಟು ನಾಲ್ಕು ಮಿಲಿಮೀಟರಿನಷ್ಟು ಸರಿಯಬೇಕಾಗುತ್ತದೆ. ಆದ್ದರಿಂದ ಈಗ ಬಾಲದ ಸಂದನ್ನು ಹೊಲಿಯುವ ಮೊದಲು ನಾಲ್ಕನ್ನೂ ಮತ್ತೊಮ್ಮೆ ಒಟ್ಟಿಗೆ ತೂಗಿ ನೋಡುತ್ತೇನೆ.